ತಂಗಿಯ ಕಣಕಾಲು

ನಾನು ಹುಟ್ಟುವಾಗ ತಲೆ ಮೊದಲು ಬರಲಿಲ್ಲ, ಕಾಲು ಮೊದಲು ಬಂತು ಎಂದು ಅವ್ವ ಹೇಳುತ್ತಾಳೆ. ಇದಕ್ಕೆ ಸಾಕ್ಷಿ ಅವಳೊಬ್ಬಳೇ. ಹೆರಿಗೆ ಮಾಡಿಸಿದ ಸೂಲಗಿತ್ತಿ ನಾನು ಶಾಲೆಗೆ ಸೇರುವ ಮೊದಲೇ ತೀರಿಕೊಂಡಳು. ಅಪ್ಪ ಆ ಹೊತ್ತಿಗೆ ಕುರಿ ಹೊಡೆದುಕೊಂಡು ಎಲ್ಲೋ ದೂರ ಹೋಗಿದ್ದ. ನನ್ನ ವಿಷಯದಲ್ಲಿ ಊರಿಗೆಲ್ಲ ಮುಖ್ಯವೆನಿಸಿದ ಒಂದೇ ಒಂದು ಸಂಗತಿ ನನಗೆ ನೆನಪಿರಲು ಸಾಧ್ಯವೇ ಇಲ್ಲದ್ದು. ಮೊದಲಿನಿಂದಲೂ ನನ್ನ ಪಾಡು ಹೀಗೇ.

ರಾಯದುರ್ಗದಿಂದ ಗುಮ್ಮಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ, ಕೆರೆ ಏರಿಯ ಕೆಳಗೆ ನಮ್ಮೂರು; ಮನೆಮಾತು ಕನ್ನಡ, ಸರ್ಕಾರದ ಮಾತು ತೆಲುಗು. ಕಾಲು ಮುಂದಾಗಿ ಹುಟ್ಟಿದವರ ಕಾಲು ಸೋಕಿದರೆ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದುಕೊಂಡವರು, ಕುತ್ತಿಗೆ ತಿರುಗಿಸಲಾಗದವರು, ಕಣಕಾಲು ತಿರುಚಿಕೊಂಡವರು ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಬಂದು ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದರು. ನಾನು ಎಡಗಾಲಿನ ಹೆಬ್ಬೆರಳಿನಿಂದ ನೋವಿದ್ದ ಕಡೆ ಮೂರು ಸಲ ನೀವಿ, ಕೊನೆಗೆ ಹಿಮ್ಮಡಿಯಿಂದ ಮೆಲ್ಲಗೆ ಒದೆಯಬೇಕು. ಒದೆಸಿಕೊಂಡವರು ಎದ್ದು ಹಿಂದೆ ತಿರುಗಿ ನೋಡದೆ ಹೋಗಬೇಕು. ಇಬ್ಬರೂ ಮಾತಾಡಬಾರದು. ಮಾತಾಡಿದರೆ ಹೋದ ಉಳುಕು ಮರಳಿ ಬರುತ್ತದೆ. ಕುರಿ ಕಾಯುವವರು, ಕೂಲಿಗೆ ಹೋಗುವ ಹೆಂಗಸರು, ಓಬಳಾಪುರದ ಕಡೆ ಅದಿರಿನ ಕೆಲಸಕ್ಕೆ ಹೋಗಿ ಬೆನ್ನು ಕೆಡಿಸಿಕೊಂಡು ಬಂದವರು, ಎಲ್ಲರನ್ನೂ ನಾನು ಒದ್ದಿದ್ದೇನೆ. ನಿದ್ದೆಗಣ್ಣಿನಲ್ಲಿ ಎದ್ದು ಬಂದು ಒದ್ದು, ಮತ್ತೆ ಹೋಗಿ ಮಲಗಿದ್ದೇನೆ. ಹಲವರಿಗೆ ವಾಸಿಯಾಯಿತು. ಉಳುಕು ಅನ್ನುವುದು ಬಹಳಷ್ಟು ಸಲ ತಾನಾಗಿಯೇ ಹೋಗುವಂಥದ್ದು ಎಂದು ನನಗೆ ಹೇಳಿಕೊಡಲು ಅನಂತಪುರದ ವಿಶ್ವವಿದ್ಯಾಲಯವೇ ಬೇಕಾಯಿತು.

ಅಲ್ಲಿ ಪ್ರಾಣಿಶಾಸ್ತ್ರ ಓದಿದೆ. ಕಣಕಾಲಿನ ಹೊರಮೈಯಲ್ಲಿ ಮೂಳೆಯಿಂದ ಮೂಳೆಗೆ ಕಟ್ಟಿರುವ ರಜ್ಜುಗಳ ಹೆಸರುಗಳನ್ನು ಬಾಯಿಪಾಠ ಮಾಡಿದೆ. ರಜೆಗೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಮಲಗಿದ್ದವರನ್ನು ಎಬ್ಬಿಸಿ, "ಆಸ್ಪತ್ರೆಗೆ ಹೋಗ್ರಿ" ಅಂದೆ. ಅವರಿಗೆ ಸಿಟ್ಟು ಬರಲಿಲ್ಲ, ನಗು ಬಂತು. "ಕಾಲು ಓದಿಬಿಟ್ಟದೆ ಬಿಡ್ರಿ, ಇನ್ನ ನಮ್ಮಂಥೋರ ಬೆನ್ನ ಮ್ಯಾಲೆ ಇಳಿಯಲ್ಲ" ಅಂದರು. ಒಂದೆರಡು ವರ್ಷ ಹೀಗೆ ಬಂದು ವಾಪಸ್ ಹೋಗಿ, ಆಮೇಲೆ ಬರುವುದನ್ನೇ ನಿಲ್ಲಿಸಿದರು. ನಾನು ಒದೆಯುವುದನ್ನು ಬಿಟ್ಟದ್ದು ಹಾಗೆ. ಪೂರ್ತಿಯಾಗಿ ಬಿಟ್ಟೆ ಎಂದೇ ಇಷ್ಟು ದಿನ ನಂಬಿದ್ದೆ.

ನಾನು ಮಡಕಶಿರಾದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ ಮೇಲೆ ಒಂದು ವರ್ಷ ನಮ್ಮೂರ ಕೆರೆಗೆ ಚೆನ್ನಾಗಿ ನೀರು ಬಂತು. ಮೀನು ಗುತ್ತಿಗೆ ಹಿಡಿದವನು ತೂಬಿನ ಹತ್ತಿರ ಗುಡಿಸಲು ಹಾಕಿಕೊಂಡ. ಅದೇ ವರ್ಷ ನನ್ನ ತಂಗಿ ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ಮೊದಲ ಪರೀಕ್ಷೆ ಪಾಸಾದಳು. ಮುಂದಿನದು ಓಟ. ಸಾವಿರದ ಆರುನೂರು ಮೀಟರನ್ನು ಹೇಳಿದ ಹೊತ್ತಿನೊಳಗೆ ಓಡಿ ಮುಗಿಸಬೇಕು, ಇಲ್ಲದಿದ್ದರೆ ಬರೆದದ್ದೆಲ್ಲ ದಂಡ. ಇನ್ನೊಂದು ಸಲ ಅರ್ಜಿ ಹಾಕುವ ಹೊತ್ತಿಗೆ ಅವಳ ವಯಸ್ಸು ಮೀರುತ್ತಿತ್ತು. ಹೇಮಾವತಿಯ ಹತ್ತಿರದ ಊರಿನಿಂದ ಒಂದು ಸಂಬಂಧ ಬಂದು ಕಾದು ಕುಳಿತಿತ್ತು. ಅವ್ವನ ಮಾತು ಚೊಕ್ಕವಾಗಿತ್ತು: "ಓಡಿ ಗೆದ್ರ ಡ್ರೆಸ್ಸು, ಸೋತ್ರ ಸೀರೆ."

ನಮ್ಮ ಸುತ್ತಿನಲ್ಲಿ ಉದ್ದಕ್ಕೆ ಸಪಾಟಾಗಿ ಓಡಲು ಸಿಗುವ ಜಾಗ ಕೆರೆ ಏರಿ ಒಂದೇ. ಅವಳೂ ಪಕ್ಕದ ಊರಿನ ಕೆಲವು ಹುಡುಗಿಯರೂ ಬೆಳಕು ಹರಿಯುವ ಮುಂಚೆ ಅಲ್ಲಿ ಸೇರುತ್ತಿದ್ದರು. ಹೇಳಿಕೊಡುವವರು ಯಾರೂ ಇಲ್ಲ, ಫೋನಿನ ಗಡಿಯಾರವೇ ಗುರು. ಅದೇ ಹೊತ್ತಿಗೆ ಚೆಂಬು ಹಿಡಿದು ಏರಿಗೆ ಬರುವ ಗಂಡಸರಿಗೆ ಇದರಿಂದ ಕಸಿವಿಸಿ.

"ಏನವ್ವಾ ಎಸ್ಸೈ ಮೇಡಂ, ಕಳ್ಳನ್ನ ಹಿಡಿಯಾಕ ಹೊಂಟೀರೇನು?" ಅಂದನಂತೆ ಒಬ್ಬ.

"ಹೌದು ಮಾವಾ, ಏರಿ ಮ್ಯಾಲೆ ಕುಂತವರನ್ನ ಮೊದಲು ಹಿಡೀತೀವಿ. ಚೆಂಬು ಸಮೇತ" ಎಂದು ಓಡುತ್ತಲೇ ಹೇಳಿದಳಂತೆ ತಂಗಿ. ಆಮೇಲೆ ಗಂಡಸರು ಕೆರೆಯ ಆಚೆ ಮಗ್ಗುಲಿಗೆ ಜಾಗ ಬದಲಾಯಿಸಿದರು.

ಅವಳ ಪಾದಗಳು ಆ ದಿನಗಳಲ್ಲಿ ಹೇಗಿದ್ದವು ಎಂದರೆ ನನಗೆ ಕಣ್ಣಿಗೆ ಕಟ್ಟಿದಂತಿದೆ, ಅಥವಾ ಹಾಗೆಂದುಕೊಂಡಿದ್ದೇನೆ. ಮೊದಮೊದಲು ಬರಿಗಾಲಲ್ಲಿ ಓಡಿದಳು. ಏರಿಯ ಗರಸು ಕಲ್ಲಿಗೆ ಹಿಮ್ಮಡಿ ಒಡೆದು ಬಿರುಕು ಬಿಟ್ಟಿತು. ಜಾಲಿಮುಳ್ಳು ಮುರಿದು ಒಳಗೇ ಉಳಿದ ಕಡೆ ಕಪ್ಪು ಚುಕ್ಕಿಗಳು. ಅವ್ವ ಮೇಣವನ್ನು ಹರಳೆಣ್ಣೆಯಲ್ಲಿ ಕರಗಿಸಿ ಬಿರುಕಿಗೆ ತುಂಬುತ್ತಿದ್ದಳು. ಆಮೇಲೆ ರಾಯದುರ್ಗದಲ್ಲಿ ಶೂ ತಂದರು. ಸಣ್ಣದಾದರೆ ಬೆರಳು ಕಟ್ಟುತ್ತದೆಂದು ಯಾರೋ ಹೇಳಿದ್ದಕ್ಕೆ ಒಂದು ಅಳತೆ ದೊಡ್ಡದನ್ನೇ ತಂದು, ಮುಂದುಗಡೆ ಬಟ್ಟೆ ತುರುಕಿಕೊಂಡು ಓಡತೊಡಗಿದಳು. ಒಳಗೆ ಪಾದ ಜಾರುವ ಶೂ ಬರಿಗಾಲಿಗಿಂತ ಕೆಟ್ಟದ್ದು ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಹೇಳಿದ್ದೆನೋ, ಆದಮೇಲೆ ಹೇಳಿದ್ದೆ ಅನ್ನಿಸುತ್ತಿದೆಯೋ ಎಂದು ಈಗ ಕೇಳಿದರೆ ಆಣೆ ಮಾಡಲಾರೆ.

ಕಾಲು ತಿರುಚಿದ್ದು ತೂಬಿನ ಹತ್ತಿರ. ನಾನು ರಜೆಗೆಂದು ಊರಲ್ಲೇ ಇದ್ದೆ. ಕುರಿ ಹಿಂಡೊಂದು ನೀರಿಗೆ ಇಳಿಯಲು ಏರಿ ಹತ್ತಿ ಅಡ್ಡ ಬಂತಂತೆ. ಇವಳು ನಿಲ್ಲದೆ ಪಕ್ಕಕ್ಕೆ ಸರಿದು, ಏರಿಗೆ ಹೊದಿಸಿದ ಕಲ್ಲಿನ ಅಂಚಿನ ಮೇಲೆ ಬಲಗಾಲು ಇಟ್ಟಳಂತೆ. ಪಾದ ಒಳಕ್ಕೆ ಮಗುಚಿತು. ಹುಡುಗಿಯರು ಹೊತ್ತು ತಂದು ಕಟ್ಟೆಯ ಮೇಲೆ ಕೂರಿಸಿದಾಗ ಹೊರಗಡೆಯ ಗೆಣ್ಣು ಆಗಲೇ ಬದನೆಕಾಯಿಯಷ್ಟು ಊದಿತ್ತು. ನಾನು ಅಂದೆ, ಶೂ ಕಾರಣ. ತಂಗಿ ಅಂದಳು, ಕುರಿ ಕಾರಣ. ಅವ್ವ ಅಂದಳು, ಏರಿ ಮೇಲಿಂದ ಓಡಿಸಿಕೊಂಡ ಗಂಡಸರ ಕಣ್ಣು ಕಾರಣ.

ನಾನು ತೂಬಿನ ಗುಡಿಸಲಿಗೆ ಓಡಿದೆ. ಮೀನಿನವನು ಐಸು ಪೆಟ್ಟಿಗೆಯ ಮೇಲೆ ಕುಳಿತಿದ್ದ.

"ಒಂದು ಸ್ವಲ್ಪ ಐಸು ಕೊಡ್ರಿ, ತಂಗಿ ಕಾಲಿಗೆ."

"ಕಾಲಿಗಾ?" ಅವನು ಎದ್ದು ಪೆಟ್ಟಿಗೆ ತೆರೆದ. "ಮೀನು ಕೆಡಬಾರದು ಅಂತ ಇಡೋದು ರೀ ಮೇಷ್ಟ್ರೇ ಇದು. ತಂಗಿ ಕಾಲು ಏನು ಸಂತೆಗೆ ಕಳಿಸ್ತೀರೇನು? ನಿಮ್ಮ ಕಾಲೇ ಐತಲ್ಲ, ಅದನ್ನ ಇಡ್ರಿ."

ಕಾಸು ಮಾತ್ರ ಕೇಳಲಿಲ್ಲ. ಮೀನಿನ ವಾಸನೆಯ ಐಸನ್ನು ಟವೆಲಿನಲ್ಲಿ ಸುತ್ತಿ ತಂದು ಅವಳ ಕಾಲಿಗೆ ಇಟ್ಟೆ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಊರಾಗಿನ ನಾಯಿ ನರಿಗೆಲ್ಲ ಕಾಲು ಇಟ್ಟಿ. ಒಡಹುಟ್ಟಿದಾಕಿಗೆ ಇಡಾಕ ಆಗಂಗಿಲ್ಲೇನು ನಿನಗ?"

"ಅದರಿಂದ ಏನೂ ಆಗಲ್ಲವ್ವಾ."

"ಏನೂ ಆಗಲ್ಲ ಅಂದ್ರ ಇಡಾಕ ಏನು ತ್ರಾಸು?"

ನಾನು ಟವೆಲು ಹಿಂಡಿ ಐಸನ್ನು ಮತ್ತೆ ಸುತ್ತಿದೆ. ಮರುದಿನ ರಾಯದುರ್ಗದಲ್ಲಿ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿಲ್ಲ, ರಜ್ಜು ಹರಿದಿದೆ ಎಂದರು ಡಾಕ್ಟರು. ಕ್ರೇಪ್ ಬ್ಯಾಂಡೇಜು ಸುತ್ತುವುದನ್ನು ತೋರಿಸಿಕೊಟ್ಟು, "ಒಂಟಿ ಕಾಲಲ್ಲಿ ಕುಪ್ಪಳಿಸಿದರೂ ನೋವಾಗದ ದಿನ ಓಡು. ಅಲ್ಲಿತನಕ ಓಡಬೇಡ" ಅಂದರು. ತಂಗಿ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, "ಆ ದಿನ ಯಾವಾಗ ಬರ್ತದ ಅಂತ ಕೇಳಬೇಕಾಗಿತ್ತು" ಅಂದಳು. ಓಟದ ದಿನ ಯಾವುದೆಂದು ಅವಳಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಆಮೇಲಿನ ದಿನಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಬೆಳಗಿನಂತಿವೆ. ಊತ ಇಳಿದ ಮೇಲೆ ಅವಳನ್ನು ಮಲಗಿಸಿ, ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಲು ಹೇಳುತ್ತಿದ್ದೆ. ಕೀಲು ಎಲ್ಲ ದಿಕ್ಕಿಗೂ ತಿರುಗಬೇಕಾದರೆ ಇದು ಒಳ್ಳೆಯ ಉಪಾಯ. ಮೊದಲು ಕನ್ನಡ ಬರೆದಳು. ಪರೀಕ್ಷೆ ತೆಲುಗಿನಲ್ಲಿ ಇದ್ದುದರಿಂದ ತೆಲುಗನ್ನೂ ಬರೆಯತೊಡಗಿದಳು.

"ತೆಲುಗಿನ ತಲಕಟ್ಟು ಎಳೆಯುವಾಗ ಜಾಸ್ತಿ ನೋಯ್ತದ ಅಣ್ಣ. ಕನ್ನಡದಾಗ ಸೆಲೆಕ್ಷನ್ ಇಟ್ಟಿದ್ರ ಆಗ್ತಿತ್ತು."

"ಕಾಲಿನಿಂದ ಬರೆಯೋ ಪರೀಕ್ಷೆ ಇಟ್ಟಿದ್ರೆ ನೀನೇ ಮೊದಲು."

ಆಮೇಲೆ ಕೆರೆಗೆ ಇಳಿದೆವು. ಮೀನಿನವನ ಗುಡಿಸಲಿನ ಪಕ್ಕದಲ್ಲಿ ನೆಲ ಮರಳಾಗಿ ನೀರು ಮೊಣಕಾಲಿನವರೆಗೆ ಇರುವ ಒಂದು ಜಾಗವಿತ್ತು. ಅಲ್ಲಿ ಅವಳು ಬಲಗಾಲೊಂದರ ಮೇಲೆ ನಿಲ್ಲಬೇಕು. ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ. ತಿರುಚಿದ ಕಣಕಾಲು ತಾನು ಎಲ್ಲಿದ್ದೇನೆ ಎಂಬುದನ್ನೇ ಮರೆಯುತ್ತದೆ, ಪಾದ ವಾಲುತ್ತಿದೆ ಎಂದು ತಲೆಗೆ ತಡವಾಗಿ ತಿಳಿಸುತ್ತದೆ, ಅದಕ್ಕೇ ಒಮ್ಮೆ ತಿರುಚಿದ್ದು ಮತ್ತೆ ಮತ್ತೆ ತಿರುಚುತ್ತದೆ ಎಂದು ನಾನು ದಂಡೆಯ ಮೇಲೆ ಕುಳಿತು ವಿವರಿಸುತ್ತಿದ್ದೆ. ಮೀನಿನವನು ಬಲೆ ಬಿಡಿಸುತ್ತಾ, "ಕೊಕ್ಕರೆ ಇದನ್ನೇ ಮಾಡ್ತದ ರೀ, ಅದಕ್ಕ ಯಾವ ಮೇಷ್ಟ್ರು ಹೇಳಿಕೊಟ್ಟ?" ಅನ್ನುತ್ತಿದ್ದ. ತಂಗಿ ನಕ್ಕು ತೂಕ ತಪ್ಪಿ ನೀರಿಗೆ ಬೀಳುತ್ತಿದ್ದಳು. ಬಿದ್ದಾಗ ನೋವಾಗುತ್ತಿರಲಿಲ್ಲ. ಅದಕ್ಕೇ ನೀರನ್ನು ಆರಿಸಿದ್ದೆ.

ನಾನು ಆರಿಸಿದ್ದೆ ಎಂದು ಬರೆದೆ. ಅವಳು ಈಗ ಹೇಳುವ ಪ್ರಕಾರ ನೀರಿಗೆ ಇಳಿದದ್ದು ಅವಳದೇ ಉಪಾಯ. ಕಾಲಿಗೆ ತಂಪಾಗಿರಲಿ ಎಂದು ಇಳಿದಳಂತೆ, ನಾನು ದಂಡೆಗೆ ಬಂದದ್ದು ಆಮೇಲಂತೆ. ಇರಬಹುದು.

ಒಂದು ದಿನ ಅವಳು ಅಂಗಳದಲ್ಲಿ ಬಲಗಾಲಲ್ಲಿ ಕುಪ್ಪಳಿಸಿದಳು. ನೋವಾಗಲಿಲ್ಲ. ಇನ್ನೊಮ್ಮೆ ಕುಪ್ಪಳಿಸಿದಳು. ಅವ್ವ ಒಳಗಿನಿಂದ ಓಡಿ ಬಂದು ದೃಷ್ಟಿ ತೆಗೆದಳು. ಆ ಸಂಜೆಯೇ ಏರಿ ಹತ್ತಿ ಮೆಲ್ಲಗೆ ಓಡಿದಳು. ಓಡಿದ್ದನ್ನು ಕೆಳಗಿನಿಂದ ನೋಡಿದ ನನಗೆ ಗೊತ್ತಾಯಿತು: ಕಾಲು ಸರಿಯಾಗಿತ್ತು, ಹುಡುಗಿ ಸರಿಯಾಗಿರಲಿಲ್ಲ. ಬಲಗಾಲು ನೆಲ ಮುಟ್ಟುವ ಮುಂಚೆ ಒಂದು ಕ್ಷಣ ತಡೆಯುತ್ತಿತ್ತು. ತೂಬಿನ ಹತ್ತಿರ ಬಂದಾಗ ಓಟ ಪೂರ್ತಿ ನಡಿಗೆಯಾಗುತ್ತಿತ್ತು. ಗೆಳತಿಯರು ಅವಳನ್ನು ಬಿಟ್ಟು ಮುಂದೆ ಹೋದರು. ಪಾಪ, ಅವರಿಗೂ ಅವರ ಓಟವಿತ್ತು.

ನನ್ನ ರಜೆ ಮುಗಿಯಿತು. ಓಟಕ್ಕೆ ಇನ್ನೂ ಕೆಲವು ದಿನ ಇದ್ದವು. ಹೊರಡುವ ದಿನ ಬೆಳಿಗ್ಗೆ ನಡೆದದ್ದೇ ಈ ಬರಹಕ್ಕೆ ಕಾರಣ. ಅದನ್ನು ಎರಡು ರೀತಿಯಲ್ಲಿ ಹೇಳಬಹುದು.

ನನ್ನ ನೆನಪಿನಲ್ಲಿರುವುದು ಹೀಗೆ. ನಾನು ಬ್ಯಾಗು ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದೇನೆ. ಶೂ ಹಾಕಿ ದಾರ ಕಟ್ಟಿಯಾಗಿದೆ. ರಾಯದುರ್ಗಕ್ಕೆ ಹೋಗುವ ಶೇರ್ ಆಟೋ ಹುಣಸೆಮರದ ಹತ್ತಿರ ಹಾರ್ನ್ ಹೊಡೆಯುತ್ತಿದೆ. ತಂಗಿ ಇನ್ನೂ ಮುಖ ತೊಳೆದಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದಾಳೆ.

"ಅಣ್ಣ, ಇಟ್ಟು ಹೋಗು."

"ನೀನೂ ಶುರು ಮಾಡಿದೆಯಾ? ಕಾಲು ವಾಸಿಯಾಗಿದೆ. ಕುಪ್ಪಳಿಸಿದೆಯಲ್ಲ."

"ವಾಸಿಯಾಗೈತಿ ಅಂತ ನಿನಗೆ ಗೊತ್ತು. ನನಗ ಗೊತ್ತಿಲ್ಲ."

"ನಾನು ಇಟ್ಟರೆ ಗೊತ್ತಾಗುತ್ತಾ? ಅದು ಬರೀ ನಂಬಿಕೆ."

"ಹೂಂ. ಅದೇ ಬೇಕಾಗೈತಿ ನನಗ. ಅದನ್ನ ಎಲ್ಲಿಂದ ತರ್ಲಿ?"

ನಾನು ಏನೋ ಹೇಳಿದೆ. ಬಹುಶಃ ಚೆನ್ನಾಗಿ ಸುತ್ತಿದ ಬ್ಯಾಂಡೇಜು ನಂಬಿಕೆಗಿಂತ ಗಟ್ಟಿ ಅಂದೆ. ಅಂಥ ಮಾತುಗಳು ಆ ಕಾಲದಲ್ಲಿ ನನ್ನ ಬಾಯಿಂದ ಸಲೀಸಾಗಿ ಬರುತ್ತಿದ್ದವು. ಆಟೋ ಮತ್ತೆ ಹಾರ್ನ್ ಹೊಡೆಯಿತು. ನಾನು ಹೋಗಿ ಹತ್ತಿದೆ. ಶೂ ಬಿಚ್ಚಲಿಲ್ಲ. ನನ್ನ ನೆನಪಿನ ಆಧಾರ ಈ ಶೂ. ಬಿಚ್ಚದ ಶೂ ಇದ್ದಮೇಲೆ ಕಾಲು ಇಟ್ಟಿರಲು ಸಾಧ್ಯವಿಲ್ಲ.

ಅನಂತಪುರದ ಮೈದಾನದಲ್ಲಿ ಅವಳು ಓಡಿದ ದಿನ ನಾನು ಮಡಕಶಿರಾದಲ್ಲಿ ಮಕ್ಕಳಿಗೆ ಕಪ್ಪೆಯ ಅಸ್ಥಿಪಂಜರ ತೋರಿಸುತ್ತಿದ್ದೆ. ಅಲ್ಲಿ ಏನಾಯಿತೆಂದು ಕೇಳಿ ತಿಳಿದದ್ದು ಇಷ್ಟು. ಮೊದಲ ಸುತ್ತುಗಳಲ್ಲಿ ಮುಂದಿನ ಗುಂಪಿನಲ್ಲೇ ಇದ್ದಳು. ಕೊನೆಗೆ, ತಿರುವಿನಲ್ಲಿ, ಮುಂದಿದ್ದ ಹುಡುಗಿಯೊಬ್ಬಳು ಎಡವಿದಳು. ತಂಗಿ ಪಕ್ಕಕ್ಕೆ ಸರಿಯಬೇಕಾಯಿತು. ಕಾಲು ತಿರುಚಲಿಲ್ಲ, ಏನೂ ಆಗಲಿಲ್ಲ. ಆದರೆ ಸರಿದವಳು ನಿಂತುಬಿಟ್ಟಳು. ಬಲಗಾಲನ್ನು ನೋಡಿಕೊಂಡಳು. ಮತ್ತೆ ಓಡಲು ಶುರು ಮಾಡುವಷ್ಟರಲ್ಲಿ ಎಡವಿ ಬಿದ್ದಿದ್ದ ಹುಡುಗಿಯೂ ಎದ್ದು ಅವಳನ್ನು ದಾಟಿ ಹೋಗಿದ್ದಳು. ತಂಗಿ ಗೆರೆ ಮುಟ್ಟುವ ಮೊದಲೇ ಸೀಟಿ ಊದಿಯಾಗಿತ್ತು. ಬಿದ್ದವಳು ಪಾಸಾದಳು, ನಿಂತವಳು ಫೇಲು.

ಅವ್ವ ಫೋನ್ ಮಾಡಿದಳು. ಅವಳ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ನೀ ಒಂದು ಸಲ ಕಾಲು ಇಟ್ಟಿದ್ರ ಹುಡುಗಿ ಓಡ್ತಿತ್ತು. ಓದಿದ ಕಾಲು ನಿಂದು, ಮುರೀಲಿ." ಇಷ್ಟು ಹೇಳಿ ಫೋನ್ ಇಟ್ಟಳು. ಹೆತ್ತ ತಾಯಿ ಹಾಗೆ ಶಪಿಸಿದ್ದು ಬಹಳ ದಿನ ಉರಿಯಿತು. ಆದರೂ ಅದರಲ್ಲಿ ಒಂದು ಸಾಕ್ಷ್ಯವಿತ್ತು. ನಾನು ಕಾಲು ಇಡಲಿಲ್ಲ ಎಂದು ಆ ದಿನ ಅವ್ವನಿಗೂ ಗೊತ್ತಿತ್ತು.

ಮುಂಗಾರಿಗೆ ಮೊದಲೇ ತಂಗಿಯ ಮದುವೆಯಾಯಿತು. ಹೇಮಾವತಿಯ ಹತ್ತಿರದ ಆ ಊರು ಮಡಕಶಿರಾದಿಂದ ದೂರವಲ್ಲ, ಆದರೂ ನಾನು ಹಬ್ಬಕ್ಕೋ ಹುಣ್ಣಿಮೆಗೋ ಮಾತ್ರ ಹೋಗುತ್ತಿದ್ದೆ. ಗಂಡ ಒಳ್ಳೆಯವನು. ರೇಷ್ಮೆ ಹುಳು ಸಾಕುತ್ತಾರೆ, ಎರಡು ಹಸು ಇವೆ. ಇವಳು ಬೆಳಗಿನಿಂದ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾಳೆ, ಹುಳುವಿನ ತಟ್ಟೆ ಬದಲಾಯಿಸುತ್ತಾಳೆ. ಓಟದ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಹೋದಾಗ ಅವಳ ಅತ್ತೆ ನಡುಮನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ತೋಟದ ಬದುವಿನಲ್ಲಿ ಕಾಲು ಜಾರಿ ಕಣಕಾಲು ತಿರುಚಿಕೊಂಡಿದ್ದರು. ನನ್ನನ್ನು ನೋಡಿದ್ದೇ ಮುಖ ಅರಳಿತು.

"ಬಾರಪ್ಪ, ನಿನ್ನೇ ಕಾಯ್ತಾ ಇದ್ದೆ. ಮೇಷ್ಟ್ರ ಕೈಲಿ ಒದೆ ತಿನ್ನೋದು ಮಕ್ಕಳ ಹಣೇಬರ ಅನ್ಕಂಡಿದ್ದೆ. ಈ ವಯಸ್ಸಲ್ಲಿ ನಂಗೂ ಬಂತು ನೋಡು."

"ಏನಮ್ಮಾ ಹೀಗಂತೀರ?"

"ನಿನ್ನ ಕಾಲು ಬಾಳ ಒಳ್ಳೇದಂತಲ್ಲಪ್ಪ. ನಮ್ಮ ಹುಡುಗಿ ಯಾವಾಗ್ಲೂ ಹೇಳ್ತಾ ಇರ್ತಾಳೆ. ಓಟಕ್ಕೆ ಮುಂಚೆ ನಮ್ಮಣ್ಣ ಕಾಲಿಟ್ಟು ಕಳಿಸ್ದ, ಇಲ್ಲದಿದ್ರೆ ಅನಂತಪುರದ ಗ್ರೌಂಡು ತುಳಿಯೋಕೂ ಆಗ್ತಿರಲಿಲ್ಲ ನಂಗೆ ಅಂತ."

ನಾನು ತಂಗಿಯ ಕಡೆ ನೋಡಿದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು. ತಪ್ಪು ಕಂಡಲ್ಲಿ ತಿದ್ದುವ ಚಟ ನನ್ನದು. ಪಾಠ ಹೇಳುವವರಿಗೆ ಬರುವ ರೋಗ ಅದು.

"ಇಲ್ಲಮ್ಮ, ನಾನು ಇಡಲಿಲ್ಲ. ಆ ದಿನ ಇವಳು ಕೇಳಿದಳು, ನಾನು ಆಗಲ್ಲ ಅಂದೆ."

ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಸೊಸೆಯನ್ನು ನೋಡಿದರು. ತಂಗಿ ಲೋಟವನ್ನು ಕೆಳಗಿಟ್ಟಳು.

"ಇಟ್ಟಿದ್ದಿ" ಅಂದಳು. "ಮೊದಲು ಆಗಲ್ಲ ಅಂದಿ. ಆಟೋ ತನಕ ಹೋದಿ. ತಿರುಗಿ ಬಂದಿ. ಶೂ ಬಿಚ್ಚಿದಿ. ನಾನು ಬೋರಲು ಮಲಗಿದ್ದೆ. ಇಟ್ಟು, ಶೂ ಕೈಯಾಗ ಹಿಡಕೊಂಡು ಬರಿಗಾಲಾಗ ಆಟೋಕ್ಕ ಓಡಿದಿ. ಒಂದು ಕಾಲುಚೀಲ ಕಟ್ಟೆ ಮ್ಯಾಲೇ ಬಿಟ್ಟು ಹೋಗಿದ್ದಿ, ಬೂದಿ ಬಣ್ಣದ್ದು. ಒಗೆದು ಇಟ್ಟಿದ್ದೆ."

ಬೂದಿ ಬಣ್ಣದ ಕಾಲುಚೀಲಗಳು ನನ್ನಲ್ಲಿ ಇದ್ದವು. ಅದರಲ್ಲಿ ಒಂದು ಯಾವಾಗಲೋ ಕಳೆದದ್ದೂ ನಿಜ. ಆದರೆ ಯಾರ ಕಾಲುಚೀಲ ಕಳೆಯುವುದಿಲ್ಲ? ಅಷ್ಟರ ಮೇಲೆ ಒಂದು ಇಡೀ ಬೆಳಗನ್ನು ಕಟ್ಟಲು ಬರುತ್ತದೆಯೇ? ನಾನು ಅಲ್ಲೇ ಎದ್ದು ಹೊರಗೆ ಹೋಗಿ ಅವ್ವನಿಗೆ ಫೋನ್ ಮಾಡಿದೆ.

"ಇಟ್ಟಿ" ಅಂದಳು ಅವ್ವ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ. "ಬಾಗಿಲ ಸಂದ್ಯಾಗಿಂದ ನಾನೇ ನೋಡೀನಿ."

"ಮತ್ತೆ ಓಟದ ದಿನ ಫೋನ್ ಮಾಡಿ, ಕಾಲು ಇಟ್ಟಿದ್ರ ಓಡ್ತಿತ್ತು ಅಂದಿ?"

"ನಾ ಎಲ್ಲಿ ಹಂಗಂದೆ?"

"ನನ್ನ ಕಾಲು ಮುರೀಲಿ ಅಂದಿ."

"ಥೂ, ಹೆತ್ತ ಮಗನಿಗೆ ಯಾರಾದ್ರೂ ಹಂಗ ಅಂತಾರೇನು? ಬಿಸಿಲಾಗ ತಿರುಗಬ್ಯಾಡ ನೀನು."

ಒಳಗೆ ಬಂದೆ. ಅತ್ತೆಯ ಪಾದದ ಹತ್ತಿರ ಕುಳಿತು ಹೊರಗಡೆಯ ಮೂಳೆಯ ಹಿಂಬದಿಯನ್ನು ಒತ್ತಿದೆ. ಚೀರಿದರು. ನಾಲ್ಕು ಹೆಜ್ಜೆ ನಡೆಯಲು ಹೇಳಿದೆ, ಆಗಲಿಲ್ಲ. ಮೂಳೆ ಬಿರುಕು ಬಿಟ್ಟಿರಬಹುದು, ಎಕ್ಸ್‌ರೇ ತೆಗೆಸಲೇಬೇಕು ಅಂದೆ. ತಂಗಿಯ ಗಂಡ ಗಾಡಿ ತರಲು ಎದ್ದ. ಅತ್ತೆ ನಿರಾಸೆಯಿಂದ, "ಅಲ್ಲಪ್ಪ, ಗಾಡಿ ಬರೋ ತನಕ ಸುಮ್ನೆ ಒಂದ್ಸಲ ಇಡಪ್ಪ. ನಿನ್ನ ಗಂಟೇನು ಹೋಗುತ್ತೆ?" ಅಂದರು. ಮುರಿದಿರಬಹುದಾದ ಮೂಳೆಯ ಮೇಲೆ ಕಾಲಿಡಲಾರೆ ಅಂದೆ. ಈ ಸಲ ನನ್ನ ಕಾರಣ ಸರಿಯಾಗಿತ್ತು. ಅದರಿಂದ ಯಾರ ಮುಖವೂ ಗೆಲುವಾಗಲಿಲ್ಲ.

ಅವರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ತಂಗಿ ಹುಳುವಿನ ಮನೆಗೆ ಹೋಗಿ ಸೊಪ್ಪು ಹರಡತೊಡಗಿದಳು. ನಾನೂ ಹಿಂದೆಯೇ ಹೋದೆ. ಹುಳುಗಳು ಎಲೆ ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.

"ನನಗೆ ಹಾಗೆ ನೆನಪಿಲ್ಲ" ಅಂದೆ. "ಸುಳ್ಳು ಹೇಳ್ತಿದ್ದೀಯ ಅಂತಲ್ಲ. ಮನುಷ್ಯರ ನೆನಪೇ ಹಾಗೆ. ಬೇಕಾದದ್ದನ್ನ ಆಮೇಲೆ ಸೇರಿಸಿಕೊಳ್ಳುತ್ತೆ."

"ನಿಂದು ಸೇರಿಸ್ಕೊಳ್ಳಲ್ಲೇನು?"

"ಸೇರಿಸಿಕೊಳ್ಳುತ್ತೆ. ನಂದೂ ಅಷ್ಟೇ."

"ಮತ್ತೆ ನಂದು ಯಾಕ ಸುಳ್ಳಾಗಬೇಕು?" ಅವಳು ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ. "ನೋಡಣ್ಣ. ಗಾಯ ವಾಸಿಯಾಗಿತ್ತು. ನೀ ಕಾಲಿಟ್ಟಿದ್ದಿ. ಎಲ್ಲ ಮಾಡಿ ಆಗಿತ್ತು. ಆದ್ರೂ ನಾನು ನಿಂತೆ. ಅದು ನನ್ನ ಹಣೇಬರ. ಅಂಗೇ ಇರ್ಲಿ ಬಿಡು. ನೀ ಇಡದೇ ಹೋಗಿದ್ರ," ಇಲ್ಲಿ ಮಾತ್ರ ಅವಳು ತಲೆ ಎತ್ತಿದಳು, "ನೀ ಇಡದೇ ಹೋಗಿದ್ರ ನಿನ್ನನ್ನ ಈ ಮನಿಗೆ ಬಾ ಅಂತ ಕರೀತಿದ್ನೇನು ನಾನು?"

ನಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡು ತಟ್ಟೆಯ ಮೇಲೆ ಹರಡಿದೆ. "ಆಯ್ತು, ಇಟ್ಟಿದ್ದೆ" ಅಂದೆ.

"ಆಯ್ತು ಅನ್ನಬೇಡ. ನನಗೋಸ್ಕರ ಒಪ್ಪಿಕೋಬೇಡ. ಇಟ್ಟಿದ್ದಿ, ಅಷ್ಟೇ."

ಇಷ್ಟು ವರ್ಷ ನಂಬಿಕೆಗಳ ಬಗ್ಗೆ ಮಕ್ಕಳಿಗೆ ಪಾಠ ಹೇಳಿದ್ದೇನೆ. ಸಾಕ್ಷ್ಯ ಕೇಳಿ, ಸಾಕ್ಷ್ಯ ಹೇಳಿದವರಿಗೆ ಅದರಿಂದ ಏನು ಲಾಭ ಎಂದು ಕೇಳಿ, ನಿಮ್ಮ ನೆನಪನ್ನೂ ಪ್ರಶ್ನಿಸಿ ಅಂದಿದ್ದೇನೆ. ಪ್ರಶ್ನಿಸಿದೆ. ಇಟ್ಟಿಲ್ಲ ಎಂಬ ನೆನಪಿನಿಂದ ನನಗೆ ಲಾಭವಿದೆ: ನಾನು ಓದಿದ್ದಕ್ಕೆ ತಕ್ಕಂತೆ ನಡೆದವನಾಗುತ್ತೇನೆ. ಇಟ್ಟಿದ್ದೇನೆ ಎಂಬ ನೆನಪಿನಿಂದ ಅವಳಿಗೆ ಲಾಭವಿದೆ: ಅಣ್ಣ ಇದ್ದಾನೆ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ಯಾವುದು ಹೆಚ್ಚು ತೂಗುತ್ತದೆಂದು ಹೇಳಲು ವಿಶ್ವವಿದ್ಯಾಲಯ ಬೇಕಿಲ್ಲ. ನನ್ನನ್ನು ಕಾಡುವುದು ಇದು: ನನ್ನದೇ ನಿಜವಾದರೆ ಇವಳು ಇಷ್ಟು ವರ್ಷ ಇಲ್ಲದ ಅಣ್ಣನಿಗೆ ಅನ್ನ ಹಾಕಿದ್ದಾಳೆ. ಅವಳದೇ ನಿಜವಾದರೆ, ನಾನು ಒಬ್ಬಳಿಗಾಗಿ ನನ್ನ ಹಟ ಬಿಟ್ಟ ಒಂದೇ ಒಂದು ಬೆಳಗನ್ನು ನಾನೇ ಅಳಿಸಿ ಹಾಕಿದ್ದೇನೆ.

ಸಂಜೆ ತಂಗಿಯ ಗಂಡನ ಫೋನ್ ಬಂತು. ಮೂಳೆಯಲ್ಲಿ ಸಣ್ಣ ಬಿರುಕಿದೆ, ಪ್ಲಾಸ್ಟರ್ ಹಾಕುತ್ತಿದ್ದಾರೆ ಎಂದ. ತಂಗಿ ಅದನ್ನು ಕೇಳಿ, "ನೀ ಹೇಳಿದ್ದು ಸರಿಯಾತು" ಅಂದಳು. ಹೊಗಳಿಕೆಯಂತೆ ಕೇಳಿಸಲಿಲ್ಲ.

ಬಸ್ಸಿನ ತನಕ ಬರುತ್ತೇನೆಂದು ಜೊತೆಗೆ ಹೊರಟಳು. ರಸ್ತೆಗೆ ಹೊಸದಾಗಿ ಜಲ್ಲಿ ಸುರಿದಿದ್ದರು. ನಾನು ಅರ್ಧ ಹೆಜ್ಜೆ ಹಿಂದೆ ಬಿದ್ದು ಅವಳ ಕಾಲನ್ನೇ ನೋಡುತ್ತಿದ್ದೆ. ಹವಾಯಿ ಚಪ್ಪಲಿಯಲ್ಲಿ ಬಲಪಾದ ಆಗಾಗ ಹೊರಕ್ಕೆ ವಾಲುತ್ತಿತ್ತು. ಗೆಣ್ಣಿನ ಸುತ್ತ ಊತ ಇತ್ತು.

"ಸಂಜೆ ಊದುತ್ತಾ?"

"ದಿನಾಲೂ. ಬೆಳಿಗ್ಗೆ ಇಳಿದಿರ್ತದೆ."

"ಹಿಂದುಗಡೆ ಪಟ್ಟಿ ಇರೋ ಚಪ್ಪಲಿ ಹಾಕು. ಆ ಒಂಟಿ ಕಾಲಲ್ಲಿ ನಿಲ್ಲೋದನ್ನ ಮತ್ತೆ ಶುರು ಮಾಡು, ಹಲ್ಲು ಉಜ್ಜುವಾಗ ನಿಂತರೂ ಸಾಕು. ತಡವಾಗಿಲ್ಲ, ಇನ್ನೂ ಸರಿಹೋಗುತ್ತೆ. ನಿಜವಾಗ್ಲೂ."

"ಸರಿಹೋಗಿ?" ಅಂದಳು. ಸಿಟ್ಟಿನಿಂದಲ್ಲ, ಲೆಕ್ಕ ಕೇಳಿದಂತೆ. "ಎಲ್ಲಿಗೆ ಓಡಬೇಕಾಗೈತೆ ಈಗ? ತೋಟದಿಂದ ಹುಳುವಿನ ಮನೆಗೆ, ಹುಳುವಿನ ಮನೆಯಿಂದ ಕೊಟ್ಟಿಗೆಗೆ. ಅಷ್ಟಕ್ಕೆ ಈ ಕಾಲು ಸಾಕಾಗ್ತದೆ."

ಅವಳ ಮಾತಿನ ಧಾಟಿ ಅರ್ಧ ಗಂಡನ ಊರಿನದಾಗಿರುವುದನ್ನು ಆಗ ಗಮನಿಸಿದೆ. ಬಸ್ಸು ಇನ್ನೂ ಬಂದಿರಲಿಲ್ಲ. ಹಾಲು ಕರೆಯುವ ಹೊತ್ತಾಯಿತು, ಹಸು ಕೂಗುತ್ತಿರುತ್ತದೆ ಎಂದು ಅವಳು ವಾಪಸ್ ಹೊರಟಳು. ಜಲ್ಲಿ ಇದ್ದ ಕಡೆ ಬಿಟ್ಟು, ರಸ್ತೆಯ ಪಕ್ಕದ ಮೆತ್ತನೆಯ ಮಣ್ಣಿಗೆ ಇಳಿದು, ಬಲಗಾಲನ್ನು ಪ್ರತಿ ಸಲವೂ ನೋಡಿ ನೋಡಿ ಇಡುತ್ತಾ ಹೋದಳು.